ಮೂರನೇ ಯಂತ್ರ

ಕಿಸುಮುವಿನ ಬಸ್ ನಿಲ್ದಾಣದ ಹಿಂದೆ, ಟೈರು ಅಂಗಡಿಯ ಮಹಡಿಯಲ್ಲಿ
ಆರು ಕಂಪ್ಯೂಟರು, ಒಂದು ಪ್ರಿಂಟರು, ನಾನು.
ನಿಮಿಷಕ್ಕೊಂದು ಶಿಲಿಂಗು.
ಸಂಜೆ ಕರೆಂಟು ಹೋಗುವಷ್ಟರಲ್ಲಿ
ಊರಿಗೆ ಊರೇ ಬಂದು ಕೂತು ಎದ್ದಿರುತ್ತದೆ
ಅದೇ ಆರು ಕುರ್ಚಿಗಳಲ್ಲಿ.

ಹೋಗುವಾಗ ಛತ್ರಿ ನೆನಪಿರುತ್ತದೆ ಅವರಿಗೆ,
ಚಿಲ್ಲರೆಯನ್ನಂತೂ ಎರಡು ಸಲ ಎಣಿಸುತ್ತಾರೆ.
ತೆರೆದ ಪತ್ರಗಳನ್ನು ಮಾತ್ರ
ಉಂಡ ತಟ್ಟೆಯ ಹಾಗೆ ಅಲ್ಲೇ ಬಿಟ್ಟು ಏಳುತ್ತಾರೆ.

ರಾತ್ರಿ ಒಂಬತ್ತಕ್ಕೆ ಎಂಜಲು ಎತ್ತುವ ಕೆಲಸ ನನ್ನದು.
ಒಂದನೆಯದರಲ್ಲಿ ನರ್ಸಿಂಗ್ ಹುಡುಗಿಯ ಸಾಲದ ಅರ್ಜಿ. ಮುಚ್ಚಿದೆ.
ಎರಡರಲ್ಲಿ ಯಾರೋ ಪಾದ್ರಿ, ಏಳು ಸಲ ತಿದ್ದಿದ ರಾಜೀನಾಮೆ.
ಐದರಲ್ಲಿ ಬೈಕ್ ಬಾಡಿಗೆಯ ಒಕುಮು, ಅವನ ರಕ್ತಪರೀಕ್ಷೆ.
ಬಚ್ಚಲ ಬಾಗಿಲು ತಪ್ಪಿ ತೆರೆದವನಂತೆ
ಮುಖ ತಿರುಗಿಸಿಕೊಂಡೇ ಮುಚ್ಚಿದೆ.

ಓದುವುದಿಲ್ಲ ನಾನು.
ಅಂದರೆ, ಪೂರ್ತಿ ಓದುವುದಿಲ್ಲ.

ಇನ್ನು ಆ ನೀಲಿ ರಟ್ಟಿನ ಪುಸ್ತಕ.
ಯಾರಿಗೆ ಖಾತೆ ತೆರೆದುಕೊಟ್ಟರೂ
ಅವರ ಪಾಸ್‌ವರ್ಡು ಅದರಲ್ಲಿ ಬರೆದಿಡುವುದು ಅಂಗಡಿಯ ಪದ್ಧತಿ.
"ಮರೆತರೆ ನೀನಿದ್ದೀಯಲ್ಲ" ಅನ್ನುತ್ತಾರೆ.
ಹೆಚ್ಚಿನವರದು ಮೊದಲ ಮಗುವಿನ ಹೆಸರು, ಹುಟ್ಟಿದ ವರ್ಷ.
ತೀರಿಹೋದ ಮಗುವಿನ ಹೆಸರಿಟ್ಟವರು ನಾಲ್ವರು.
ಯಾರು ಯಾರೆಂದು ನನಗೆ ಗೊತ್ತು.
ಗೊತ್ತಿರಬಾರದಿತ್ತು.

ಕಳೆದ ತಿಂಗಳು, ನಾಲ್ಕೂವರೆಗೆ,
ಒಣಮೀನು ಮಾರುವ ಮಾಮಾ ಅವಿನೋ
ಮೂರನೇ ಯಂತ್ರದಿಂದ ದಡಬಡಿಸಿ ಎದ್ದಳು. ಮಿನಿಬಸ್ಸು ಹೊರಟಿತ್ತು.
ನಾಲ್ಕು ಮೂವತ್ತೈದಕ್ಕೆ ಅದೇ ಕುರ್ಚಿಯಲ್ಲಿ
ಅವಳ ಮೈದುನ, ಸಾವಿನ ಸುದ್ದಿಯ ಕಾಗದ ಅಚ್ಚು ಹಾಕಿಸಲು.
ಅವನೇನೂ ಕದಿಯಲಿಲ್ಲ.
ಪರದೆ ಎದುರಿಗಿತ್ತು, ಕಣ್ಣು ತೆರೆದಿತ್ತು:
ಅವಳು ತನ್ನ ಹೆಸರಿಗೆ ಕೊಳ್ಳುತ್ತಿದ್ದ ತುಂಡು ಜಾಗ,
ಕಂತಿನ ಲೆಕ್ಕ, ವಕೀಲನ ಉತ್ತರ.
ಭಾನುವಾರದ ಹೊತ್ತಿಗೆ ಮೀನಿನ ಸಾಲಿಗೆಲ್ಲ ಗೊತ್ತು.

"ನೀನು ಹೇಳಿದೆಯಾ, ಓಗೊಲಾ?"
ಇಲ್ಲವೆಂದು ಆಣೆ ಹಾಕಿದೆ. ನಂಬಿದಳು.
ನಂಬಿ ಅಂದಳು:
"ನೀನು ಒಳ್ಳೆಯ ಹುಡುಗ. ನನ್ನ ಅಂಗಡಿಯ ಬೆಕ್ಕೂ ಒಳ್ಳೆಯದೇ.
ಆದರೂ ಮೀನು ಮುಚ್ಚಿಡುತ್ತೇನೆ."

ಅವತ್ತು ಕಾಸು ತೆಗೆದುಕೊಳ್ಳದೆ ಕಲಿಸಿದೆ.
ನೆನಪಿಟ್ಟುಕೊಳ್ಳಲೇ ಎಂದು ಯಂತ್ರ ಕೇಳುತ್ತದೆ,
ಪಕ್ಕದ ಮನೆಯವಳ ಹಾಗೆ, ಬಲು ಅಕ್ಕರೆಯಿಂದ. ಬೇಡ ಅನ್ನು.
ಟೋಪಿ, ಕನ್ನಡಕದ ಚಿತ್ರವಿರುವ ಕಿಟಕಿ ತೆರೆದುಕೋ,
ಮುಚ್ಚಿದ ಮೇಲೆ ಯಂತ್ರ ನೀನು ಬಂದುದನ್ನು ಮರೆಯುತ್ತದೆ.
ಏಳುವ ಮೊದಲು ಮೂಲೆಯ ನಿನ್ನ ಹೆಸರು ಒತ್ತು,
ಹೊರಗೆ ಬಾ, ಆಮೇಲೆ ಎದ್ದೇಳು.
ಮಿನಿಬಸ್ಸು ಹೋದರೆ ಹೋಗಲಿ.

ಎಲ್ಲೆಲ್ಲಿ ಇನ್ನೂ ಒಳಗಿದ್ದಾಳೆಂದು ತೆಗೆದು ತೋರಿಸಿದೆ.
ಒಂಬತ್ತು ಕಡೆ. ಸಿಯಾಯಾದಲ್ಲಿ, ಬೊಂಡೊದಲ್ಲಿ,
ಕಳೆದ ವರ್ಷ ಕೆಡವಿದ ಒಂದು ಅಂಗಡಿಯಲ್ಲಿ ಕೂಡ.
"ಅಯ್ಯೋ, ಇಷ್ಟು ಕಡೆ ಕೂತಿದ್ದೇನೆಯೇ!
ಅದಕ್ಕೇ ನೋಡು ಈ ಸೊಂಟನೋವು."
ಒಂಬತ್ತು ಕಡೆಯಿಂದಲೂ ಒಂದೇ ಏಟಿಗೆ ಎಬ್ಬಿಸಿದೆವು.

ಕೊನೆಗೆ ಹೊಸ ಪಾಸ್‌ವರ್ಡು.
ಅಭ್ಯಾಸಬಲ, ಪೆನ್ನು ತೆಗೆದಿದ್ದೆ.
"ಆ ಕಡೆ ತಿರುಗು" ಅಂದಳು.
ತಿರುಗಿದೆ. ಗೋಡೆಯ ಕ್ಯಾಲೆಂಡರು, ಕಿಟಕಿಯಾಚೆ
ಸರೋವರದ ಬೆರಳಗಲ ತುಂಡು.
ಬೆನ್ನ ಹಿಂದೆ ಒಂದೊಂದೇ ಕೀಲಿ, ಹುಡುಕಿ ಹುಡುಕಿ.
ಎಣಿಸಬಾರದು ಅಂದುಕೊಂಡೆ.
ಹದಿನಾಲ್ಕು.

ನೀಲಿ ಪುಸ್ತಕ ಕೇಳಿದಳು. ತನ್ನ ಹಾಳೆ ತಾನೇ ಹುಡುಕಿ,
ಹರಿದು, ಎಸೆಯದೆ, ನಾಲ್ಕು ಮಡಿಕೆ ಮಾಡಿ
ದುಡ್ಡು ಕಟ್ಟುವ ಸೆರಗಿನ ಗಂಟಿನೊಳಗೆ ಇಟ್ಟುಕೊಂಡಳು.

ನಾಲ್ವರು ಅಂದಿದ್ದೆನಲ್ಲ.
ಪುಸ್ತಕದಲ್ಲಿ ಈಗ ಮೂವರು.